ಸೇನಾಪತಿ ಮಂತ್ರಿಯಾದ ಕತೆ



ಇವತ್ತಿನ ಪಾಠ ಥಾಯ್ಲೆಂಡ್ ದೇಶದ್ದು. ನಮ್ಮ ಪೂರ್ವಕ್ಕೆ ಬಂಗಾಳ ಕೊಲ್ಲಿ. ಅದರಾಚೆ ಬರ್ಮಾ. ಬರ್ಮಾ ಪಕ್ಕದಲ್ಲೇ ಥಾಯ್ಲೆಂಡ್. ಅಲ್ಲಿನವರು ಪ್ರಧಾನ ಮಂತ್ರಿಗೆ ಏನಂತಾರೆ ಗೊತ್ತಾ? ‘ನಾಯೊಕ್ ರತ್ಥಮೊಂತ್ರಿ’. ಬಾಯಿಬಿಟ್ಟು ಓದಿ ನೋಡಿ. ನಾಯಕ, ರಾಷ್ಟ್ರ, ಮಂತ್ರಿ. ಮೂರೂ ನಮಗೆ ಗೊತ್ತಿರುವ ಪದಗಳೇ!

ಅಲ್ಲಿ ಪ್ರೇಮ್ ತಿನ್ಸುಲಾನೊನ್ ಎಂಬ ಸೇನಾಪತಿ ಇದ್ದರು. 1920ರಲ್ಲಿ ಸೊಂಗ್‌ಖ್ಲಾ ಎಂಬ ಊರಲ್ಲಿ ಹುಟ್ಟಿದರು. ತಂದೆ ಜೈಲಿನ ಅಧಿಕಾರಿ. ಪ್ರೇಮ್ ಸೈನಿಕ ಶಾಲೆಯಲ್ಲಿ ಕಲಿತು ಸೈನ್ಯ ಸೇರಿದರು. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದರು.

ಆ ದೇಶದ ಈಶಾನ್ಯ ಭಾಗ ಬಡವರ ಸೀಮೆ. 1965ರಿಂದ ಅಲ್ಲಿ ಕಮ್ಯುನಿಸ್ಟರು ಕಾಡು ಸೇರಿ ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದರು. 1974ರಲ್ಲಿ ಅಲ್ಲಿನ ಸೈನ್ಯ ಪ್ರೇಮ್ ಕೈಗೆ ಬಂತು. ಬರೀ ಗುಂಡಿನಿಂದ ಈ ಜಗಳ ಮುಗಿಯೋದಿಲ್ಲ ಎಂಬುದು ಅವರಿಗೆ ಅರ್ಥವಾಯಿತು. ಹಳ್ಳಿಯವರ ಕಷ್ಟ ಹಾಗೇ ಇದ್ದರೆ ಕಾಡಿಗೆ ಹೋಗುವವರು ಹೋಗುತ್ತಲೇ ಇರುತ್ತಾರಲ್ಲವೇ?

1976ರ ಅಕ್ಟೋಬರ್ 6ರಂದು ರಾಜಧಾನಿ ಬ್ಯಾಂಕಾಕಿನ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಅನೇಕರು ಸತ್ತರು. ಹೆದರಿದ ಸಾವಿರಾರು ಮಂದಿ ಕಾಡು ಸೇರಿದರು. ಓದುವ ಮಕ್ಕಳ ಕೈಗೂ ಬಂದೂಕು ಬಂತು.

ಪ್ರೇಮ್ 1977ರಲ್ಲಿ ಗೃಹ ಖಾತೆಯ ಉಪಮಂತ್ರಿಯಾದರು. 1978ರಲ್ಲಿ ಇಡೀ ಸೈನ್ಯದ ಮುಖ್ಯಸ್ಥರಾದರು. 1979ರಲ್ಲಿ ರಕ್ಷಣಾ ಮಂತ್ರಿ. 1980ರ ಮಾರ್ಚ್‌ನಲ್ಲಿ ಪ್ರಧಾನ ಮಂತ್ರಿ.

ಮರುತಿಂಗಳೇ ಅವರು ಒಂದು ಆದೇಶ ಹೊರಡಿಸಿದರು. ಅದರ ಸಂಖ್ಯೆ 66/2523. ಇದೇನು 2523 ಅಂತೀರಾ? ಅವರದು ಬೌದ್ಧರ ವರ್ಷ. ನಮ್ಮ ಇಸವಿಗೆ 543 ಕೂಡಿಸಿದರೆ ಅವರ ವರ್ಷ ಸಿಗುತ್ತದೆ. 1980 + 543 = 2523.

ಆದೇಶದ ಸಾರ ಇಷ್ಟು: ಅನ್ಯಾಯ ಹೋಗಬೇಕು. ಪ್ರಜಾಪ್ರಭುತ್ವ ಬೆಳೆಯಬೇಕು. ಕಾಡಿನಿಂದ ಬಂದು ಶರಣಾದವರನ್ನು ಶತ್ರುಗಳಂತೆ ನೋಡಬಾರದು, ನಮ್ಮವರೇ ಎಂದು ನೋಡಬೇಕು. ಆ ಹೊತ್ತಿಗೆ ಕಮ್ಯುನಿಸ್ಟರಿಗೆ ಚೀನಾದ ನೆರವೂ ಕಡಿಮೆಯಾಗಿತ್ತು. ಮುಂದಿನ ವರ್ಷಗಳಲ್ಲಿ ಸಾವಿರಾರು ಜನ ಮನೆಗೆ ಮರಳಿದರು. ಎಷ್ಟೋ ತಾಯಂದಿರಿಗೆ ಮಕ್ಕಳು ಸಿಕ್ಕರು. ನೋಡಿ, ಒಂದು ಕಾಗದ ಎಂಥ ಕೆಲಸ ಮಾಡಿತು!

ಆದರೆ ಇನ್ನೊಂದು ಮಾತೂ ತಿಳಿದಿರಲಿ. ಪ್ರೇಮ್ ಎಂಟು ವರ್ಷ ಪ್ರಧಾನಿ. ಒಮ್ಮೆಯೂ ಚುನಾವಣೆಗೆ ನಿಲ್ಲಲಿಲ್ಲ, ಜನರ ಹತ್ತಿರ ಓಟು ಕೇಳಲಿಲ್ಲ. 1981ರಲ್ಲಿ ಮತ್ತು 1985ರಲ್ಲಿ ಸೈನ್ಯದವರೇ ಕೆಲವರು ಅವರನ್ನು ಇಳಿಸಲು ದಂಗೆ ಎದ್ದರು. ಎರಡು ಸಲವೂ ಸೋತರು. ಬಂದೂಕಿನ ಬಲದಿಂದ ಕುರ್ಚಿ ಹಿಡಿಯುವ ಚಾಳಿ ಇದ್ದ ಕಡೆ ಯಾರ ಕುರ್ಚಿಯೂ ಗಟ್ಟಿಯಲ್ಲ.

1988ರ ಚುನಾವಣೆ ಆದ ಮೇಲೆ ಮತ್ತೆ ನೀವೇ ಪ್ರಧಾನಿಯಾಗಿ ಎಂದು ಪಕ್ಷಗಳು ಕೇಳಿದವು. ಪ್ರೇಮ್ ಸಾಕು ಎಂದರು. ಓಟಿನಿಂದ ಗೆದ್ದು ಬಂದ ಚಾತಿಚಾಯ್ ಚುನ್ಹವನ್ ಪ್ರಧಾನಿಯಾದರು. ಪ್ರೇಮ್ ರಾಜರ ಸಲಹಾ ಮಂಡಳಿ ಸೇರಿ, 1998ರಲ್ಲಿ ಅದರ ಅಧ್ಯಕ್ಷರಾದರು. 2006ರಲ್ಲಿ ಸೈನ್ಯ ಮತ್ತೆ ಸರ್ಕಾರ ಉರುಳಿಸಿತು. ಅದರ ಹಿಂದೆ ಪ್ರೇಮ್ ಇದ್ದಾರೆ ಎಂದು ವಿರೋಧಿಗಳು ದೂರಿದರು. ಅವರು ಇಲ್ಲ ಎಂದರು. 2019ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಳ್ಳೆಯ ಆದೇಶ ಜನರನ್ನು ಮನೆಗೆ ಕರೆತರಬಲ್ಲದು. ಆದರೆ ಆದೇಶ ಹೊರಡಿಸುವವರು ಯಾರಿರಬೇಕು ಎಂಬುದನ್ನು ಆರಿಸುವ ಹಕ್ಕು ಜನರದೇ ಆಗಿರಬೇಕು. ನಿಮ್ಮ ಓಟಿಗೆ ಇರುವ ಬೆಲೆ ಅದೇ.

ಹೊಸ ಪದಗಳು
ಆದೇಶ – ಸರ್ಕಾರದ ಅಪ್ಪಣೆ
ಶರಣಾಗು – ಆಯುಧ ಕೆಳಗಿಟ್ಟು ಬರು
ದಂಗೆ – ಸರ್ಕಾರದ ವಿರುದ್ಧ ಎದ್ದು ನಿಲ್ಲುವುದು

ಉತ್ತರ ಬರೆಯಿರಿ
1. ವಿದ್ಯಾರ್ಥಿಗಳು ಕಾಡಿಗೆ ಹೋದದ್ದು ಏಕೆ?
2. ಶರಣಾದವರನ್ನು ಹೇಗೆ ನೋಡಬೇಕೆಂದು ಆದೇಶ ಹೇಳಿತು?
3. ನೀವು ಹುಟ್ಟಿದ ಇಸವಿಗೆ 543 ಕೂಡಿಸಿ. ಥಾಯ್ಲೆಂಡಿನ ಲೆಕ್ಕದಲ್ಲಿ ನೀವು ಹುಟ್ಟಿದ್ದು ಯಾವ ವರ್ಷ?