ಹೆಸರು ಕೇಳದ ಟ್ರ್ಯಾಕ್ಟರ್, ಹತ್ತಿಳಿಯಬೇಕಾದ ಬೆಟ್ಟ

ಪ್ರಶ್ನೆ: ನಾನು ಸಿದ್ದಾಪುರ ತಾಲ್ಲೂಕಿನ ಅಡಿಕೆ ಬೆಳೆಗಾರ, ವಯಸ್ಸು 41. ಎರಡೂವರೆ ಎಕರೆ ತೋಟ, ಅದಕ್ಕೆ ಸೇರಿದ ಸುಮಾರು ಹದಿನೈದು ಎಕರೆ ಬೆಟ್ಟ ಇದೆ. ದರಕು, ಗೊಬ್ಬರ, ಕಟ್ಟಿಗೆ, ಕೊನೆ ಎಲ್ಲವೂ ತಲೆಹೊರೆಯಲ್ಲೇ ಬರಬೇಕು. ಹೊರುವ ಜನ ಸಿಗುತ್ತಿಲ್ಲ. ಧಾರವಾಡದ ಕೃಷಿ ಮೇಳದಲ್ಲಿ ಹೊರ ರಾಜ್ಯದ ಕಂಪನಿಯೊಂದರ 22 ಎಚ್‌ಪಿ ಫೋರ್ ವ್ಹೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ನೋಡಿದೆ. ಹೆಸರುವಾಸಿ ಕಂಪನಿಯ ಗಾಡಿಗಿಂತ ಒಂದೂವರೆ ಲಕ್ಷ ಕಡಿಮೆ. ಆದರೆ ನಮ್ಮ ಸೀಮೆಯಲ್ಲಿ ಆ ಗಾಡಿ ಯಾರ ಮನೆಯಲ್ಲೂ ಇಲ್ಲ. ‘ಹೆಸರಿಲ್ಲದ್ದನ್ನು ತಂದು ಊರ ಬಾಯಿಗೆ ಬೀಳಬೇಡ’ ಎಂದು ಭಾವ ಹೇಳುತ್ತಾರೆ. ಅಪ್ಪಯ್ಯ ಈ ವಿಷಯ ತೆಗೆದರೆ ಎದ್ದು ಹೋಗುತ್ತಾರೆ. ಹದಿನೆಂಟು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು ಅವರು ತಂದ ಪವರ್ ಟಿಲ್ಲರ್ ಮೂರೇ ವರ್ಷಕ್ಕೆ ಕೆಟ್ಟು, ಇಂದಿಗೂ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದೆ. ತಿಂಗಳ ಕೊನೆಯೊಳಗೆ ಮುಂಗಡ ಕೊಟ್ಟರೆ ಮಾತ್ರ ಈ ಬೆಲೆ ಎಂದು ಡೀಲರ್ ಅವಸರ ಮಾಡುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮುಂಗಡ ಈಗ ಕೊಡಬೇಡಿ. ಈ ಗಾಡಿ ಬೇಡ ಎನ್ನುತ್ತಿಲ್ಲ. ಕೊಡುವ ಮೊದಲು ನೀವು ನೋಡಬೇಕಾದ್ದು ಇನ್ನೂ ಇದೆ. ತಿಂಗಳ ಕೊನೆಗೆ ತೀರಿಹೋಗುವ ಬೆಲೆ ಮುಂದಿನ ತಿಂಗಳ ಮೊದಲ ವಾರ ಮತ್ತೆ ಹುಟ್ಟುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ನಮ್ಮ ತೋಟ ಸಾಗರದ ಹತ್ತಿರ. ಹನ್ನೊಂದು ವರ್ಷದ ಹಿಂದೆ ನಾನೂ ಇಂಥದೇ ಒಂದು ಗಾಡಿ ತಂದೆ. ಕಂಪನಿಯ ಹೆಸರು ಇಲ್ಲಿ ಬೇಡ. ಎಂಜಿನ್ ಆಗಲೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ನಾಲ್ಕನೇ ವರ್ಷ ಕೊನೆ ಕೊಯ್ಲಿನ ನಟ್ಟನಡುವೆ ಎರಡು ಸಾಮಾನು ಒಂದೇ ವಾರದಲ್ಲಿ ಹೋದವು. ಮೊದಲು ಹೋದದ್ದು ಬೆಲ್ಟ್ ಗಾಲಿಯ ಬೇರಿಂಗ್. ಡೀಸೆಲ್‌ನಲ್ಲಿ ತೊಳೆದು ಒರೆಸಿದಾಗ ಅಂಚಿನ ಮೇಲೆ 6205 ಎಂಬ ಅಂಕಿ ಕಾಣಿಸಿತು. ಆ ಅಂಕಿ ಇದ್ದರೆ ಒಳಗಿನ ತೂತು 25 ಮಿ.ಮೀ., ಹೊರಗಿನ ವ್ಯಾಸ 52, ದಪ್ಪ 15. ಯಾವ ದೇಶದ ಯಾವ ಕಾರ್ಖಾನೆಯಿಂದ ಬಂದರೂ ಅಳತೆ ಅದೇ. ಪೇಟೆಯ ಅಂಗಡಿಯಲ್ಲಿ ಅರ್ಧ ಗಂಟೆಗೆ ಸಿಕ್ಕಿತು, ಸಂಜೆಗೆ ಗಾಡಿ ಓಡಿತು. ಮೂರು ದಿನ ಕಳೆದು ಮುಂದಿನ ಆಕ್ಸಲ್‌ನ ಬೆವೆಲ್ ಗೇರ್ ಹಲ್ಲು ಮುರಿಯಿತು. ಅದನ್ನು ಕಂಪನಿಯೇ ಮಾಡಿ ಕಂಪನಿಯೇ ಕೊಡಬೇಕು. ಬಂದದ್ದು ಮೂವತ್ತನಾಲ್ಕನೇ ದಿನ. ಕೊಯ್ದ ಹಸಿ ಅಡಿಕೆ ನಮಗಾಗಿ ಕಾಯುವುದಿಲ್ಲ. ಸುಲಿಯುವವರು ಬಂದು ಕೂತಿದ್ದಾರೆ, ಕೊನೆ ಇನ್ನೂ ತೋಟದಲ್ಲಿ ರಾಶಿ ಬಿದ್ದಿದೆ. ಆ ತಿಂಗಳು ನಾವು ಪಟ್ಟ ಪಾಡು ನಿಮಗೆ ಬರಬಾರದು ಎಂದೇ ಇಷ್ಟು ಬರೆಯುತ್ತಿದ್ದೇನೆ.

ಯಾವ ಟ್ರ್ಯಾಕ್ಟರಿನ ಒಳಗೂ ಈ ಎರಡು ಜಾತಿಯ ಸಾಮಾನು ಇರುತ್ತವೆ. ಬೇರಿಂಗ್, ಆಯಿಲ್ ಸೀಲ್, ಬೆಲ್ಟ್, ಬ್ಯಾಟರಿ, ಹೈಡ್ರಾಲಿಕ್ ಪೈಪು ಅಳತೆ ಹೇಳಿದರೆ ಸಿಗುವಂಥವು. ಕ್ಲಚ್ ಪ್ಲೇಟ್, ಗೇರುಗಳು, ಹೈಡ್ರಾಲಿಕ್ ಪಂಪ್, ವಾಟರ್ ಪಂಪ್, ಮುಂದಿನ ಆಕ್ಸಲ್‌ನ ಒಳಗಿನವು, ಸ್ಟೀರಿಂಗ್ ಜಾಯಿಂಟ್ ಬಹುಮಟ್ಟಿಗೆ ಆ ಮಾದರಿಗೆ ಮಾತ್ರ ಕೂರುವಂಥವು. ನೀವು ಮಾಡಬೇಕಾದ್ದು ಇಷ್ಟು: ಎರಡನೇ ಜಾತಿಯ ಆರು ಸಾಮಾನುಗಳ ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡು, ಹೇಳದೆ ಕೇಳದೆ ಡೀಲರ್ ಹತ್ತಿರ ಹೋಗಿ. ‘ಇವನ್ನು ತೆಗೆದು ಮೇಜಿನ ಮೇಲಿಡಿ, ಕೈಯಲ್ಲಿ ಹಿಡಿದು ನೋಡುತ್ತೇನೆ’ ಎನ್ನಿ. ನಾಲ್ಕಾದರೂ ಬಂದರೆ ಮಾತು ಮುಂದುವರಿಸಿ. ‘ಹೇಳಿದರೆ ತರಿಸಿಕೊಡುತ್ತೇವೆ’ ಎಂದರೆ ಇಲ್ಲ ಎಂದೇ ಲೆಕ್ಕ. ಹಾಗೆಯೇ ಎಂಜಿನ್ ಯಾರದೆಂದು ಕೇಳಿ. ಸಣ್ಣ ಕಂಪನಿಗಳಲ್ಲಿ ಕೆಲವು ಬೇರೆಯವರ ಎಂಜಿನ್ ಕೊಂಡು ಕೂರಿಸುತ್ತವೆ. ಪಂಪ್‌ಸೆಟ್ಟಿಗೂ ಜನರೇಟರಿಗೂ ಬಳಕೆಯಾಗುವ ಎಂಜಿನ್ ಆದರೆ ಗಾಡಿಯ ಹೆಸರು ಹೊಸದಾದರೂ ಅದರ ಹೃದಯ ನಿಮ್ಮೂರ ಮೆಕ್ಯಾನಿಕ್‌ಗೆ ಹಳೆಯ ಪರಿಚಯವೇ.

ಟಯರ್ ವಿಷಯ ಬಹಳ ಜನ ಕೇಳುವುದೇ ಇಲ್ಲ. ಫೋರ್ ವ್ಹೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ತುಸುವೇ ಮುಂದೆ ಎಳೆಯುವ ಹಾಗೆ ಗೇರು ಮತ್ತು ಟಯರಿನ ಅಳತೆ ಹೊಂದಿಸಿರುತ್ತಾರೆ. ಮುಂದಿನ ಟಯರ್ ಸವೆದಾಗ ಅದೇ ಸೈಜು ಸಿಗಲಿಲ್ಲವೆಂದು ಬೇರೆ ಹಾಕಿದರೆ ಆ ಲೆಕ್ಕ ತಪ್ಪಿ, ಮುಂದಿನ ಆಕ್ಸಲ್ ಮೇಲೆ ಒತ್ತಡ ಬಿದ್ದು ಗೇರು ತಿನ್ನುತ್ತದೆ. ಡಾಂಬರು ರಸ್ತೆಯಲ್ಲಿ ಫೋರ್ ವ್ಹೀಲ್ ಹಾಕಿ ಓಡಿಸಿದರೂ ಅದೇ ಗತಿ. ನಾಲ್ಕೂ ಟಯರಿನ ಮೇಲಿನ ಅಂಕಿ ಬರೆದುಕೊಂಡು ಶಿರಸಿಯ ಯಾವುದಾದರೂ ಟಯರ್ ಅಂಗಡಿಯಲ್ಲಿ ಕೇಳಿ ಬನ್ನಿ.

ಭಾವನವರ ಮಾತಿಗೂ ಬೆಲೆ ಇದೆ, ಆದರೆ ಅವರು ಹೇಳುವ ಕಾರಣಕ್ಕಲ್ಲ. ಹೆಸರು ಎಂಬುದು ಶಾಶ್ವತವಲ್ಲ. ಎಚ್‌ಎಂಟಿಗಿಂತ ದೊಡ್ಡ ಹೆಸರು ನಮ್ಮ ರಾಜ್ಯಕ್ಕೆ ಯಾವುದಿತ್ತು? ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ತಂತ್ರಜ್ಞಾನದಿಂದ ಶುರುವಾದ ಅದರ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಆದರೂ ಎಚ್‌ಎಂಟಿ ಟ್ರ್ಯಾಕ್ಟರುಗಳು ಇನ್ನೂ ಓಡುತ್ತಿವೆ, ಏಕೆಂದರೆ ಹೊಲಗಳಲ್ಲಿ ಅವು ಸಾವಿರಾರು ಇದ್ದವು. ಸಾಮಾನು ಮಾಡುವವನಿಗೆ ಗಿರಾಕಿ ಇದ್ದರು, ಬಿಚ್ಚಿ ಕೂರಿಸಿ ಕೈಪಳಗಿದ ಮೆಕ್ಯಾನಿಕ್‌ಗಳಿದ್ದರು. ಹೀಗಾಗಿ ಭಾವನವರಿಗೆ ಹೇಳಿ, ಊರ ಬಾಯಿಯ ಚಿಂತೆ ಬೇಡ, ನಮ್ಮ ಮನೆಯಿಂದ ಐವತ್ತು ಕಿಲೊಮೀಟರ್ ಒಳಗೆ ಇದೇ ಮಾದರಿಯ ಗಾಡಿ ಎಷ್ಟಿವೆ ಎಂದು ಹುಡುಕೋಣ. ಡೀಲರ್ ಬಳಿ ಕೊಂಡವರ ಹೆಸರು ಕೇಳಿ. ಮೊನ್ನೆ ಕೊಂಡವರಲ್ಲ, ಮೂರು ಮಳೆಗಾಲ ಕಂಡವರು. ಅವರ ಮನೆಗೆ ಹೋಗಿ ಚಹಾ ಕುಡಿದು, ಗಾಡಿಯ ಕೆಳಗೆ ಬಗ್ಗಿ ನೋಡಿ. ಆಯಿಲ್ ಎಲ್ಲಿ ಜಿನುಗಿದೆ, ಯಾವ ಬೋಲ್ಟ್ ಬದಲಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಅಂಥ ಒಬ್ಬರೂ ಸಿಗದಿದ್ದರೆ ಆ ಗಾಡಿಯ ಪರೀಕ್ಷೆ ನಿಮ್ಮ ತೋಟದಲ್ಲಿ, ನಿಮ್ಮ ದುಡ್ಡಿನಲ್ಲಿ ನಡೆಯುತ್ತದೆ. ಅದಕ್ಕೆ ಒಂದೂವರೆ ಲಕ್ಷ ಸಾಲದು.

ಕಾಗದದ ಮೇಲಿನ ಪರೀಕ್ಷೆಯೂ ಒಂದಿದೆ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಓಡಿಸಿ, ಅಳೆದು ವರದಿ ಕೊಡುತ್ತದೆ. ಡೀಲರ್ ಬಳಿ ಆ ಮಾದರಿಯ ವರದಿ ಕೇಳಿ. ಪಿಟಿಒ ಶಕ್ತಿ, ಎಳೆಯುವ ಬಲ, ಡೀಸೆಲ್ ಖರ್ಚು, ಬ್ರೇಕ್, ಪರೀಕ್ಷೆಯ ವೇಳೆ ಕೆಟ್ಟದ್ದೇನು ಎಲ್ಲ ಅದರಲ್ಲಿರುತ್ತದೆ. ಬಾನೆಟ್ ಮೇಲೆ ಬರೆದ 22 ಎಚ್‌ಪಿ ಎಂಜಿನ್ನಿನದು. ಹಿಂದಿನ ಪಿಟಿಒ ಶಾಫ್ಟಿಗೆ ಅದಕ್ಕಿಂತ ಕಡಿಮೆಯೇ ಬರುತ್ತದೆ, ನಿಮ್ಮ ಸ್ಪ್ರೇ ಪಂಪೂ ಕಳೆ ಕೊಚ್ಚುವ ಯಂತ್ರವೂ ಓಡುವುದು ಅದರ ಮೇಲೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ, ನೀವು ಕೇಳದೇ ಬಿಟ್ಟ ವಿಷಯ. ನಿಮ್ಮದು ಬೆಟ್ಟ. ಏರು, ಧರೆ, ಬೇರು, ಮೇಲೆ ಜಾರುವ ದರಕು. ಮಿನಿ ಟ್ರ್ಯಾಕ್ಟರುಗಳ ತೂಕ ಆರುನೂರು ಕಿಲೊದಿಂದ ಒಂದು ಟನ್ನಿನ ಆಸುಪಾಸು. ಹಿಂದೆ ಎರಡು ಟನ್ ಗೊಬ್ಬರದ ಟ್ರೇಲರ್ ಕಟ್ಟಿ ಇಳಿಜಾರಿಗೆ ಬಂದರೆ, ಟ್ರ್ಯಾಕ್ಟರ್ ಟ್ರೇಲರನ್ನು ಎಳೆಯುವುದಿಲ್ಲ, ಟ್ರೇಲರೇ ಟ್ರ್ಯಾಕ್ಟರನ್ನು ದೂಡುತ್ತದೆ. ಸಾಮಾನ್ಯವಾಗಿ ಈ ಗಾಡಿಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಫೋರ್ ವ್ಹೀಲ್ ಹಾಕಿದ್ದರೆ ಆ ಹಿಡಿತ ಮುಂದಿನ ಚಕ್ರಕ್ಕೂ ಹೋಗುತ್ತದೆ. ಹತ್ತುವಾಗ ಫೋರ್ ವ್ಹೀಲ್ ಹಾಕುತ್ತಾರೆ, ಇಳಿಯುವಾಗ ತೆಗೆಯುತ್ತಾರೆ. ನಿಜಕ್ಕೂ ಇಳಿಯುವಾಗಲೇ ಅದು ಹೆಚ್ಚು ಬೇಕು. ಇಳಿಜಾರಿನ ತಲೆಯಲ್ಲೇ ಸಣ್ಣ ಗೇರಿಗೆ ಹಾಕಿ, ಎರಡು ಬ್ರೇಕ್ ಪೆಡಲ್‌ಗಳನ್ನು ಕೊಂಡಿಯಿಂದ ಜೋಡಿಸಿ, ಕ್ಲಚ್ ಮುಟ್ಟದೆ ಇಳಿಯಬೇಕು.

ಬಿದ್ದ ದಿಮ್ಮಿ ಎಳೆಯುವ ಕೆಲಸವೂ ಬರುತ್ತದೆ. ಹಗ್ಗವನ್ನಾಗಲಿ ಸರಪಳಿಯನ್ನಾಗಲಿ ತಗ್ಗಿನಲ್ಲಿರುವ ಡ್ರಾಬಾರಿಗೇ ಕಟ್ಟಬೇಕು. ಟಾಪ್ ಲಿಂಕಿಗೂ ಆಕ್ಸಲ್‌ಗೂ ಕಟ್ಟಲೇಬಾರದು. ದಿಮ್ಮಿ ಬೇರಿಗೆ ಸಿಕ್ಕಿ ನಿಂತಾಗ ಎಂಜಿನ್ನಿನ ಬಲ ಚಕ್ರವನ್ನು ತಿರುಗಿಸಲಾಗದೆ ಗಾಡಿಯ ಮೈಯನ್ನೇ ಎತ್ತುತ್ತದೆ. ಮೂತಿ ಮೇಲೆದ್ದು ಮಗುಚಿ ಬೀಳಲು ಒಂದೂವರೆ ಸೆಕೆಂಡು ಸಾಕು, ಕ್ಲಚ್ ತುಳಿಯಬೇಕೆಂದು ಹೊಳೆಯುವಷ್ಟರಲ್ಲಿ ಆಗಿಹೋಗಿರುತ್ತದೆ. ಅದಕ್ಕೇ ಸೀಟಿನ ಹಿಂದೆ ಕಬ್ಬಿಣದ ಕಮಾನು ಇರಬೇಕು, ರೋಪ್ಸ್ ಎನ್ನುತ್ತಾರೆ. ತೋಟದೊಳಗೆ ಸೋಗೆಗೆ ತಾಗುವುದರಿಂದ ಮಡಚುವಂಥದ್ದು ತೆಗೆದುಕೊಳ್ಳಿ. ಕಮಾನು ನಿಂತಿರುವಾಗ ಬೆಲ್ಟ್ ಕಟ್ಟಿಕೊಳ್ಳಬೇಕು, ಮಡಚಿದಾಗ ಕಟ್ಟಬಾರದು. ಬೆಟ್ಟಕ್ಕೆ ಹೊರಡುವ ಮುನ್ನ ನೆನಪಿಟ್ಟು ಎತ್ತಿ ನಿಲ್ಲಿಸಬೇಕು. ಆ ಕಂಪನಿ ಕಮಾನು ಕೊಡುವುದಿಲ್ಲ, ನಿಮ್ಮೂರ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಕೊಳ್ಳಿ ಎಂದರೆ ಮೇಲಿನ ಯಾವ ಲೆಕ್ಕವೂ ಬೇಡ, ಆ ಗಾಡಿ ಬೇಡ. ಮನೆಯಲ್ಲಿ ನಿಮ್ಮನ್ನು ಕಾಯುವವರಿದ್ದಾರೆ.

ಬೆಟ್ಟದ ಬಗ್ಗೆ ಇನ್ನೊಂದು ಮಾತು. ನಿಮ್ಮ ಕಡೆ ತೋಟದ ಎಕರೆಗೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಸೊಪ್ಪು, ದರಕು, ಕಟ್ಟಿಗೆಗಾಗಿ. ಅದು ಸವಲತ್ತು, ನೆಲದ ಒಡೆತನವಲ್ಲ. ಟ್ರ್ಯಾಕ್ಟರ್ ಬಂತೆಂದು ಜೆಸಿಬಿ ತರಿಸಿ ಹೊಸ ದಾರಿ ಕಡಿಸಿದರೆ ಅರಣ್ಯ ಇಲಾಖೆಯ ಜೊತೆ ವರ್ಷಗಟ್ಟಲೆ ಅಲೆದಾಟ. ಅದಕ್ಕಿಂತಲೂ, ಹಾಗೆ ಸೀಳಿದ ಇಳಿಜಾರಿನ ಮಣ್ಣು ಎರಡೇ ಮಳೆಗೆ ನಿಮ್ಮದೇ ತೋಟದ ಕಾದಿಗೆಗೆ ಬಂದು ಕೂರುತ್ತದೆ. ಹಳೆಯ ಎತ್ತಿನ ಗಾಡಿಯ ದಾರಿ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಟ್ರ್ಯಾಕ್ಟರ್, ಮುಂದಕ್ಕೆ ತಲೆಹೊರೆ ಎಂದುಕೊಳ್ಳಿ. ಆ ದಾರಿ ಎಷ್ಟು ದೂರ ಇದೆ ಎಂಬುದರ ಮೇಲೆ ಈ ಗಾಡಿ ನಿಮಗೆ ಎಷ್ಟು ಉಪಯೋಗ ಎಂಬುದೂ ನಿಂತಿದೆ.

ತೋಟದೊಳಗಿನದು ಬೇರೆ ಲೆಕ್ಕ. ಒಂಬತ್ತು ಅಡಿ ಅಂತರದ ಸಾಲಿನಲ್ಲಿ ನಾಲ್ಕು ಅಡಿ ಅಗಲದ ಗಾಡಿ ಹೋಗುತ್ತದೆ, ಸರಿ. ಆದರೆ ಸಾಲಿನ ಕೊನೆಯಲ್ಲಿ ತಿರುಗುತ್ತದೆಯೇ? ಹಿಂದೆ ಟ್ರೇಲರ್ ಇದ್ದಾಗ? ಕಾದಿಗೆ ದಾಟಲು ಈಗ ಇರುವ ಅಡಿಕೆ ದಬ್ಬೆಯ ಸಂಕ ಸಾಲದು, ಕಾಂಕ್ರೀಟ್ ಹಲಗೆ ಹಾಕಿಸಬೇಕು. ಆ ಖರ್ಚನ್ನೂ ಗಾಡಿಯ ಬೆಲೆಗೆ ಸೇರಿಸಿ. ಮಳೆ ಹಿಡಿದ ಮೇಲೆ ತೋಟಕ್ಕೆ ಚಕ್ರ ಇಳಿಸಬೇಡಿ, ಒದ್ದೆ ಮಣ್ಣು ಒತ್ತಿ ಗಟ್ಟಿಯಾದರೆ ಬೇರಿಗೆ ಉಸಿರಿಲ್ಲ. ರೋಟವೇಟರ್ ಉಚಿತ ಕೊಡುತ್ತೇವೆಂದರೆ ಮರುಳಾಗಬೇಡಿ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹಬ್ಬುತ್ತದೆ, ಬುಡದ ಹತ್ತಿರ ಅದನ್ನು ಓಡಿಸಿದರೆ ಮರಕ್ಕೇ ಪೆಟ್ಟು. ಅದರ ಬದಲು ಒಳ್ಳೆಯ ಬ್ರೇಕಿರುವ ಟ್ರೇಲರ್ ಕೇಳಿ.

ದುಡ್ಡಿನ ಮಾತು ಸ್ವಲ್ಪವೇ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಕೊಟೇಶನ್‌ನಲ್ಲಿ ಅದು ಕಾಣಬೇಕು. ಸಹಾಯಧನ ಬೇಕಿದ್ದರೆ ಇಲಾಖೆಯ ಪಟ್ಟಿಯಲ್ಲಿ ಆ ಕಂಪನಿ, ಆ ಮಾದರಿ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ನೀವೇ ಕೇಳಿ. ಡೀಲರ್ ಬಾಯಿಮಾತು ಸಾಲದು. ಹೆಸರುವಾಸಿ ಗಾಡಿಗೆ ಸಹಾಯಧನ ಸಿಕ್ಕಿ ಇದಕ್ಕೆ ಸಿಗದಿದ್ದರೆ ನಿಮ್ಮ ಒಂದೂವರೆ ಲಕ್ಷದ ಲಾಭ ಅಲ್ಲೇ ಕರಗುತ್ತದೆ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮಿನಿ ಟ್ರ್ಯಾಕ್ಟರ್ ಬಾಡಿಗೆಗೆ ಇದ್ದರೆ, ಯಾವ ಕಂಪನಿಯದಾದರೂ ಸರಿ, ಎರಡು ದಿನ ತಂದು ನಿಮ್ಮ ಏರಿನಲ್ಲಿ ಓಡಿಸಿ ನೋಡಿ. 22 ಎಚ್‌ಪಿ ಸಾಕೋ ಸಾಲದೋ ಎಂಬುದು ಆಗ ತಿಳಿಯುತ್ತದೆ.

ಡೆಮೊ ಕೇಳುವಾಗಲೂ ಶೋರೂಮಿನ ಅಂಗಳದಲ್ಲಿ ಬೇಡ. ನಿಮ್ಮ ಬೆಟ್ಟದ ದಾರಿಯಲ್ಲಿ, ನಿಮ್ಮ ಗೊಬ್ಬರ ತುಂಬಿದ ಟ್ರೇಲರಿನೊಂದಿಗೆ ಕೊಡಲಿ. ಮಾರುವ ಮೊದಲೇ ನಿಮ್ಮ ಮನೆವರೆಗೆ ಬರಲಾಗದ ಡೀಲರ್, ಮಾರಿದ ಮೇಲೆ ಕೊಯ್ಲಿನ ಹೊತ್ತಿಗೆ ಬರುತ್ತಾರೆಂದು ನಾನು ನಂಬುವುದಿಲ್ಲ.

ಇನ್ನು ಅಪ್ಪಯ್ಯ. ಅವರು ಎದ್ದು ಹೋಗುವುದು ನಿಮ್ಮ ಮೇಲಿನ ಸಿಟ್ಟಿಗಲ್ಲ ಅನ್ನಿಸುತ್ತದೆ. ಹದಿನೈದು ವರ್ಷದಿಂದ ದಿನಾ ಕೊಟ್ಟಿಗೆಗೆ ಹೋಗುವಾಗ ಆ ಟಿಲ್ಲರ್ ಅವರ ಕಣ್ಣಿಗೆ ಬೀಳುತ್ತಿದೆ. ಯಾರಾದರೂ ಅದರ ಬಗ್ಗೆ ಅವರನ್ನು ನೆಟ್ಟಗೆ ಕೇಳಿದ್ದಾರೆಯೇ? ಒಂದು ಸಂಜೆ ಸ್ಪ್ಯಾನರ್ ಹಿಡಿದು ಇಬ್ಬರೂ ಅದರ ಪಕ್ಕ ಕೂತುಕೊಳ್ಳಿ. ಯಾವ ಸಾಮಾನು ಹೋಗಿ ಅದು ನಿಂತಿತು, ಅದಕ್ಕಾಗಿ ಯಾವ ಯಾವ ಊರಿಗೆ ಅಲೆದಿರಿ, ಅಂಗಡಿಯವರು ಏನೆಂದರು ಎಂದು ಕೇಳಿ. ಅವರು ಹೇಳುವುದನ್ನು ಬರೆದುಕೊಳ್ಳಿ. ಡೀಲರ್ ಮೇಜಿನ ಮೇಲಿಡುವ ನಿಮ್ಮ ಚೀಟಿಯಲ್ಲಿ ಮೊದಲ ಹೆಸರು ಆ ಸಾಮಾನಿನದೇ ಇರಲಿ, ಮತ್ತು ಆ ದಿನ ಅಪ್ಪಯ್ಯನನ್ನೂ ಜೊತೆಗೆ ಕರೆದುಕೊಂಡು ಹೋಗಿ.