ಉಪ್ಪುಗಾಳಿಗೆ ಒಗ್ಗುವ ಗಿಡಗಳು

ಚೆನ್ನೈನ ತಿರುವೊಟ್ಟಿಯೂರಿಗೆ ಹೊಸದಾಗಿ ಬಂದು ಮಹಡಿಯ ಮೇಲೆ ಕೈತೋಟ ಮಾಡಬೇಕೆಂದಿದ್ದರೆ, ನರ್ಸರಿಗೆ ಹೋಗುವ ಮೊದಲು ತ್ಯಾಗರಾಜಸ್ವಾಮಿ ದೇವಸ್ಥಾನಕ್ಕೆ ಹೋಗಿ ಬನ್ನಿ. ಅಲ್ಲಿನ ಸ್ಥಳವೃಕ್ಷ ಮಗಿಳಂ, ಅಂದರೆ ನಮ್ಮ ಬಕುಳ. ನಮ್ಮ ಕರಾವಳಿಯವರಿಗೆ ರೆಂಜೆ. ಕವಿ ಹರಿಹರ ಯಾರ ಮೇಲೆ ರಗಳೆ ಬರೆದನೋ ಆ ನಂಬಿಯಣ್ಣ, ತಮಿಳರ ಸುಂದರರ್, ಮಡದಿ ಸಂಗಿಲಿಯನ್ನು ಬಿಟ್ಟು ಹೋಗುವುದಿಲ್ಲವೆಂದು ಆಣೆ ಇಟ್ಟದ್ದು ಇದೇ ಮರದಡಿ ಎನ್ನುತ್ತದೆ ಸ್ಥಳಪುರಾಣ. ತೋಟಗಾರರು ಗಮನಿಸಬೇಕಾದದ್ದು ಅದರ ಎಲೆಯನ್ನು: ದಪ್ಪ, ನುಣುಪು, ಮೇಣ ಸವರಿದಂಥ ಹೊಳಪು. ಸಮುದ್ರದ ಗಾಳಿಯನ್ನು ಅದು ತಡೆಯುವುದು ಹಾಗೆ. ಹೂವು ಒಣಗಿದರೂ ಘಮ ಬಿಡುವುದಿಲ್ಲ. ಕಿತ್ತಳೆ ಬಣ್ಣದ ಹಣ್ಣು ತುಸು ಒಗರಾದರೂ ತಿನ್ನಬಹುದು. ದೊಡ್ಡ ಕುಂಡದಲ್ಲಿ ಸವರುತ್ತಾ ಕುಳ್ಳಗೆ ಇಟ್ಟುಕೊಳ್ಳಲೂಬಹುದು.

ಬೆಂಗಳೂರಿನಿಂದ ಬಂದವರು ಅಲ್ಲಿಯ ಗುಲಾಬಿ, ಹೈಡ್ರಾಂಜಿಯಾಗಳನ್ನೇ ಇಲ್ಲೂ ಹುಡುಕುತ್ತಾರೆ. ಆ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಇಲ್ಲಿ ಕಡಲು ಪಕ್ಕದಲ್ಲೇ. ಗಿಡಕ್ಕೆ ಉಪ್ಪು ಎರಡು ದಾರಿಯಲ್ಲಿ ಬರುತ್ತದೆ. ಗಾಳಿಯಲ್ಲಿ ಬಂದದ್ದು ಎಲೆಯ ಅಂಚನ್ನು ಸುಡುತ್ತದೆ. ನೀರಿನಲ್ಲಿ ಬಂದದ್ದು ಇನ್ನೂ ಕೆಟ್ಟದ್ದು: ಮಣ್ಣಿನಲ್ಲಿ ಉಪ್ಪು ಹೆಚ್ಚಾದಂತೆ ಬೇರಿಗೆ ನೀರು ಹೀರುವುದು ಕಷ್ಟವಾಗುತ್ತದೆ. ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಯಾರಿ ಬಾಡುತ್ತದೆ. ನಾವು ಮತ್ತೆ ಅದೇ ಉಪ್ಪುಪ್ಪಾದ ಬೋರ್‌ವೆಲ್ ನೀರು ಸುರಿಯುತ್ತೇವೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ನೀರನ್ನು ಅನುಮಾನಿಸಿ. ತೊಳೆಯದ ಕೊಕೊಪೀಟ್‌ನಲ್ಲೂ ಉಪ್ಪಿರುತ್ತದೆ. ಎರಡು ಮೂರು ಸಲ ನೆನೆಸಿ, ಹಿಂಡಿ ಬಳಸಿ.

ಚೆನ್ನೈಗೆ ಹೆಚ್ಚಿನ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಕುಂಡದ ಉಪ್ಪನ್ನು ತೊಳೆದು ಹಾಕುವುದು ಆ ಮಳೆಯೇ, ಆದ್ದರಿಂದ ತಳದ ತೂತು ಮುಚ್ಚಿರಬಾರದು. ತಮಿಳುನಾಡಿನಲ್ಲಿ 2003ರಲ್ಲೇ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಆ ನೀರಿನಲ್ಲಿ ಒಂದೆರಡು ಡ್ರಮ್ ಸಸಿಗಳಿಗೆಂದೇ ಮುಚ್ಚಿಡಿ.

ಇನ್ನು ಉಪ್ಪನ್ನೇ ಊಟ ಮಾಡಿಕೊಂಡ ಗಿಡವೊಂದಿದೆ, ಸೆಸೂವಿಯಂ. ಕಡಲತೀರದ ಮರಳಿನಲ್ಲಿ, ಅಳಿವೆಯ ದಂಡೆಯಲ್ಲಿ ಹರಡುವ ಬಳ್ಳಿ. ನಮ್ಮ ಗೋಣಿಸೊಪ್ಪಿನಂಥ ರಸಭರಿತ ಎಲೆ, ನಕ್ಷತ್ರದಂಥ ಪುಟ್ಟ ಗುಲಾಬಿ ಹೂ. ಬೇರಿನಿಂದ ಬಂದ ಉಪ್ಪನ್ನು ಎಲೆಯಲ್ಲಿ ಕೂಡಿಡುವುದರಿಂದ ಸೊಪ್ಪು ತಾನಾಗಿಯೇ ಉಪ್ಪುಪ್ಪು. ಒಮ್ಮೆ ಕುದಿಸಿ ನೀರು ಚೆಲ್ಲಿ, ಬೇಳೆಯ ಜೊತೆ ಹುಳಿ ಮಾಡಿದರೆ ಬೇರೆ ಉಪ್ಪು ಹಾಕುವ ಮುನ್ನ ರುಚಿ ನೋಡಲೇಬೇಕು. ತುಂಡು ನೆಟ್ಟರೆ ಸಾಕು, ಬೇರು ಬಿಡುತ್ತದೆ. ಒಂದು ಮಾತನ್ನು ಒತ್ತಿ ಹೇಳಬೇಕು: ಎಣ್ಣೂರಿನ ಕಡೆ ಕಾರ್ಖಾನೆಗಳು ಹೆಚ್ಚು, ಅಲ್ಲಿನ ಅಳಿವೆ ದಂಡೆಯಿಂದ ಕಿತ್ತು ತಂದು ತಿನ್ನಬೇಡಿ. ಉಪ್ಪಿನ ಜೊತೆ ಭಾರಲೋಹಗಳನ್ನೂ ಹೀರುವ ಗಿಡ ಅದು. ಶುದ್ಧ ಮಣ್ಣಿನಲ್ಲಿ ಬೆಳೆಸಿದ ಗಿಡದ ತುಂಡು ತಂದು, ಅಂಥದೇ ಮಣ್ಣಿನಲ್ಲಿ ಬೆಳೆಸಿ.

ನೆಲ ಇದ್ದವರು ಬೇಲಿಗೆ ಕರಂಡೆ ಹಾಕಲಿ. ತಮಿಳಿನಲ್ಲಿ ಕಳಾಕ್ಕಾಯ್. ಮುಳ್ಳು ಕಾವಲಿಗೆ, ಬಿಳಿ ಹೂ ಪರಿಮಳಕ್ಕೆ, ಕಾಯಿ ಉಪ್ಪಿನಕಾಯಿಗೆ. ಇಷ್ಟು ಕೊಟ್ಟೂ ನೀರು ಕಡಿಮೆ ಕೇಳುತ್ತದೆ. ಕೆಂಪು ದಂಟಿನ ಬಸಳೆಯನ್ನು ಕಟಕಟೆಗೆ ಹಬ್ಬಿಸಿದರೆ ನೋಟವೂ ಆಯಿತು, ಹುಳಿಯೂ ಆಯಿತು. ಚಕ್ರಮುನಿಯನ್ನು ಮಳೆನೀರು ಉಳಿಸಿಕೊಂಡವರು ಪ್ರಯತ್ನಿಸಲಿ, ಆದರೆ ಬೇಯಿಸಿಯೇ ತಿನ್ನಿ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲೆಂದು ಅದರ ಹಸಿ ರಸ ಕುಡಿದ ಅನೇಕರ ಶ್ವಾಸಕೋಶಕ್ಕೆ ಗುಣವಾಗದ ಹಾನಿಯಾಯಿತು.

ಬರೀ ಅಂದಕ್ಕಾದರೆ ಅಡೇನಿಯಂ. ಉಬ್ಬಿದ ಬುಡದಲ್ಲಿ ನೀರು ಕೂಡಿಟ್ಟುಕೊಂಡು ಮೇ ತಿಂಗಳ ಬಿಸಿಲಲ್ಲೂ ಹೂ ಬಿಡುತ್ತದೆ. ಕೊಳೆಯುವುದು ಮಳೆಗಾಲದಲ್ಲಿ ನೀರು ನಿಂತಾಗ. ಅದರ ಹಾಲು ವಿಷ, ಕಣಗಿಲೆಯದ್ದೂ ಹಾಗೆಯೇ. ಈ ಎರಡನ್ನೂ ಸೊಪ್ಪಿನ ಕುಂಡಗಳ ಸಾಲಿನಲ್ಲಿ ಇಡಬೇಡಿ. ಮಕ್ಕಳು ಸೊಪ್ಪು ಕೀಳಲು ಬರುವ ಜಾಗ ಅದು.

ಅಕ್ಟೋಬರ್ ಬರುವಷ್ಟರಲ್ಲಿ ಕಟ್ಟೆಯ ಮೇಲಿನ ಕುಂಡಗಳನ್ನೆಲ್ಲ ಕೆಳಗಿಳಿಸಿ, ಗೋಡೆಗೆ ಒತ್ತರಿಸಿ. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಈ ನಗರದ ದೊಡ್ಡ ದೊಡ್ಡ ಮರಗಳನ್ನೇ ಬುಡಮೇಲು ಮಾಡಿತು. ಅಂಥ ಗಾಳಿಯಲ್ಲಿ ಮೂರನೇ ಮಹಡಿಯ ಕುಂಡ ಬೀಳುವುದು ಬೀದಿಯಲ್ಲಿ ಹೋಗುವವರ ತಲೆಯ ಮೇಲೆ.