ಮುಗಿಯದ ಯುದ್ಧ

1918ನೆಯ ಇಸವಿಯ ನವೆಂಬರ್ 11ರಂದು, ಬೆಳಗಿನ ಹನ್ನೊಂದು ಗಂಟೆಗೆ, ಯುರೋಪಿನ ಪಶ್ಚಿಮ ರಣರಂಗದಲ್ಲಿ ಫಿರಂಗಿಗಳು ಮೌನ ತಾಳಿದವು. ನಾಲ್ಕು ವರ್ಷಗಳಿಗೂ ಮಿಕ್ಕಿ ನಡೆದ ಮೊದಲನೆಯ ಮಹಾಯುದ್ಧ ಕೊನೆಗೊಂಡಿತು. ಆದರೆ ಮನೆಗೆ ಮರಳಿದ ಸಹಸ್ರಾರು ಯೋಧರ ಪಾಲಿಗೆ ಅದು ಮುಗಿದಿರಲಿಲ್ಲ. ಹಗಲಿನಲ್ಲಿ ಬಾಗಿಲು ದಡಾರನೆ ಮುಚ್ಚಿಕೊಂಡರೂ ಅವರು ಬೆಚ್ಚಿಬೀಳುತ್ತಿದ್ದರು. ರಾತ್ರಿಯಲ್ಲಿ ಕಂದಕಗಳ ಕೆಸರೂ ಮಡಿದ ಸಂಗಾತಿಗಳ ಮುಖಗಳೂ ಕನಸಿನಲ್ಲಿ ಬಂದು ನಿಲ್ಲುತ್ತಿದ್ದವು. ಮೈಮೇಲೆ ಗಾಯದ ಗುರುತಿಲ್ಲದ ಕಾರಣ ಅವರ ನೋವನ್ನು ನಂಬುವವರೇ ವಿರಳ.

ಈ ವ್ಯಾಧಿಗೆ ಅಂದು 'ಷೆಲ್ ಷಾಕ್' ಎಂಬ ಹೆಸರಿತ್ತು. ಫಿರಂಗಿಯ ಗುಂಡು ಸಿಡಿದಾಗ ಮಿದುಳು ಅದುರಿ ಹೀಗಾಗುತ್ತದೆಂದು ಮೊದಮೊದಲು ಭಾವಿಸಲಾಗಿತ್ತು. ಸಿಡಿತದ ಸಮೀಪಕ್ಕೂ ಸುಳಿಯದವರಲ್ಲಿ ಅವೇ ಲಕ್ಷಣಗಳು ಕಂಡುಬಂದಾಗ ಆ ಊಹೆ ಸಡಿಲವಾಯಿತು. ಹಾಗಾದರೆ ಇದು ಹೇಡಿತನವೇ? ಹಲವು ಸೇನಾಧಿಕಾರಿಗಳು ಹಾಗೆಯೇ ಎಣಿಸಿದರು. ರಣರಂಗದಿಂದ ಓಡಿಹೋದುದು, ಹೇಡಿತನ ತೋರಿದುದು ಮೊದಲಾದ ಅಪರಾಧಗಳಿಗಾಗಿ ಬ್ರಿಟಿಷ್ ಸೈನ್ಯವು ಗುಂಡಿಕ್ಕಿ ಕೊಂದ 306 ಸೈನಿಕರಲ್ಲಿ ಈ ವ್ಯಾಧಿಗೆ ತುತ್ತಾದವರೂ ಇದ್ದರು. ಅವರಿಗೆ ಕ್ಷಮಾದಾನ ದೊರೆತದ್ದು 2006ರಲ್ಲಿ!

ಬೇರೆ ಬಗೆಯಲ್ಲಿ ಯೋಚಿಸಿದ ವೈದ್ಯರೂ ಇದ್ದರು. ಅವರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಅವರು ಪ್ರಮುಖರು. ಇವರು ನಮ್ಮ ನೆರೆಯ ನೀಲಗಿರಿಗೂ ಬಂದಿದ್ದವರು. ಅಲ್ಲಿಯ ತೋಡರ ಜೀವನವನ್ನು ಕುರಿತು 1906ರಲ್ಲಿ ಬೃಹದ್ಗ್ರಂಥವೊಂದನ್ನು ಪ್ರಕಟಿಸಿದರು. ಯುದ್ಧಕಾಲದಲ್ಲಿ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೊಂದು ಸಂಗತಿ ಗೋಚರವಾಯಿತು. "ನಡೆದುದನ್ನು ಮರೆತುಬಿಡು" ಎಂದು ಬಂಧುಗಳೂ ವೈದ್ಯರೂ ರೋಗಿಗೆ ಬುದ್ಧಿ ಹೇಳುತ್ತಿದ್ದರು. ಹಗಲೆಲ್ಲ ಪ್ರಯಾಸಪಟ್ಟು ಅದುಮಿಟ್ಟ ನೆನಪು ಇರುಳಿನಲ್ಲಿ ಇಮ್ಮಡಿಯಾಗಿ ಮೇಲೇಳುತ್ತಿತ್ತು.

ಒಬ್ಬ ಅಧಿಕಾರಿ ತನ್ನ ಗೆಳೆಯನ ಛಿದ್ರವಾದ ದೇಹವನ್ನು ಕಂಡಿದ್ದನು. ಪ್ರತಿರಾತ್ರಿಯೂ ಅದೇ ಘೋರದೃಶ್ಯ. ನಿದ್ದೆಯೆಂದರೆ ಅವನಿಗೆ ಭಯ. ರಿವರ್ಸ್ ಅವರು ಅವನಿಗೆ ಮರೆಯಲು ಹೇಳಲಿಲ್ಲ. ದೇಹವು ಹಾಗೆ ಛಿದ್ರವಾಗಿದ್ದುದೇ ಗೆಳೆಯನು ನರಳದೆ ತತ್‌ಕ್ಷಣ ಮಡಿದನೆಂಬುದಕ್ಕೆ ಸಾಕ್ಷಿ ಎಂದು ತಿಳಿಯಹೇಳಿದರು. ಕೆಲವು ದಿನಗಳ ತರುವಾಯ ಕನಸು ಮತ್ತೆ ಬಂದಿತು. ಈ ಬಾರಿ ಅವನು ಗೆಳೆಯನ ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದನು. ಎಚ್ಚರವಾದಾಗ ಅವನಲ್ಲಿದ್ದುದು ಭೀತಿಯಲ್ಲ, ದುಃಖ.

ಆದರೆ ಆ ಆಸ್ಪತ್ರೆ ಅಧಿಕಾರಿಗಳಿಗೆ ಮಾತ್ರ ಮೀಸಲಾಗಿತ್ತು. ಸಾಮಾನ್ಯ ಸೈನಿಕರಲ್ಲಿ ಎಷ್ಟೋ ಮಂದಿಗೆ ಇಂತಹ ಆರೈಕೆ ದೊರೆಯಲಿಲ್ಲ. ಅಪಾಯ ಎದುರಾದಾಗ ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ; ಅಪಾಯ ಸರಿದ ಮೇಲೆ ಅವು ಶಾಂತವಾಗಬೇಕು. ಈ ವ್ಯಾಧಿಯಲ್ಲಿ ದೇಹದ ಕಾವಲುಗಾರನಿಗೆ ವಿಶ್ರಾಂತಿಯೇ ಇಲ್ಲ. ಹಳೆಯ ನೆನಪು ಹಳೆಯದಾಗಿ ಬಾರದೆ, ಈಗಲೇ ನಡೆಯುತ್ತಿರುವಂತೆ ಬರುತ್ತದೆ. ಚಿಕಿತ್ಸೆಯಿಲ್ಲದೆ ವರ್ಷಗಳು ಉರುಳಿದಾಗ ನಿದ್ರಾಹೀನತೆ, ಕಾರಣವಿಲ್ಲದ ಸಿಟ್ಟು, ಖಿನ್ನತೆಗಳು ಬೇರೂರುತ್ತವೆ. ಕೆಲವರು ಮದ್ಯಕ್ಕೆ ಶರಣಾಗುತ್ತಾರೆ. ಹೃದ್ರೋಗದ ಸಂಭವವೂ ಹೆಚ್ಚುತ್ತದೆ. ತಂದೆ ಮನೆಯಲ್ಲಿದ್ದೂ ಇಲ್ಲದಂತಾಗುತ್ತಾನೆ. ಅವನ ಮೌನವನ್ನು ಅರಿಯಲಾರದ ಮಕ್ಕಳು ಕಾಲ್ದೆಗೆದು ನಡೆಯುವುದನ್ನು ಕಲಿಯುತ್ತಾರೆ. ಬಾಂಬುದಾಳಿಗೆ ಸಿಲುಕಿದ ನಾಗರಿಕರ ಮನೆಗಳಲ್ಲಿಯೂ ಸ್ಥಿತಿ ಭಿನ್ನವಲ್ಲ.

ವಿಯೆಟ್ನಾಂ ಯುದ್ಧದಿಂದ ಹಿಂದಿರುಗಿದ ಅಮೆರಿಕದ ಯೋಧರ ಸಂಕಟ ಕಣ್ಣಿಗೆ ಬಿದ್ದ ಮೇಲೆ, 1980ರಲ್ಲಿ ಅಲ್ಲಿಯ ಮನೋವೈದ್ಯರ ಸಂಘವು ಇದನ್ನು ಆಘಾತೋತ್ತರ ಒತ್ತಡದ ಬೇನೆಯೆಂದು ತನ್ನ ರೋಗಪಟ್ಟಿಯಲ್ಲಿ ಸೇರಿಸಿತು. ನಡೆದುದನ್ನು ನುರಿತ ಚಿಕಿತ್ಸಕರ ಎದುರು ಮೆಲ್ಲಮೆಲ್ಲನೆ ಹೇಳಿಕೊಳ್ಳುವ ಚಿಕಿತ್ಸೆಗಳು ಈಗ ಅನೇಕರಿಗೆ ಫಲ ನೀಡುತ್ತಿವೆ. ಆದರೂ ಆ ಯುದ್ಧ ಮುಗಿದು ನಾಲ್ವತ್ತು ವರ್ಷಗಳಾದ ಮೇಲೆ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಬೇನೆಯ ಲಕ್ಷಣಗಳಿಂದ ಬಳಲುತ್ತಿದ್ದ ಯೋಧರು ಸುಮಾರು 2,71,000 ಮಂದಿ ಇದ್ದರೆಂದು ಅಂದಾಜು ಮಾಡಿತು. ಇಪ್ಪತ್ತರ ಹರೆಯದಲ್ಲಿ ಯುದ್ಧಕ್ಕೆ ಹೋದವರು ಆ ವೇಳೆಗೆ ಅರುವತ್ತು ದಾಟಿದ್ದರು.